ಯುಗೊಸ್ಲಾವಿಯಾ ಒಡೆದ ಕತೆ ಬರೆದವರು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹೈಸ್ಕೂಲಲ್ಲಿ ಸಮಾಜ ವಿಜ್ಞಾನ ಪಾಠ ಮಾಡೋದು. ನಮ್ಮ ಸ್ಟಾಫ್ ರೂಮಲ್ಲಿ ಬಟ್ಟೆ ಅಂಟಿಸಿದ ಹಳೇ ಯುರೋಪ್ ಮ್ಯಾಪ್ ಒಂದು ಮೊಳೆಗೆ ನೇತಾಕಿತ್ತು, ಅದರಲ್ಲಿ ಇಟಲಿ ಪಕ್ಕ ಹಳದಿ ಬಣ್ಣದಲ್ಲಿ ಯುಗೊಸ್ಲಾವಿಯಾ ಅಂತಿತ್ತು, ಒಂದಿನ ಹುಡುಗಿಯೊಬ್ಬಳು ಅಟ್ಲಾಸ್ ಹಿಡ್ಕೊಂಡು ಬಂದು ಸರ್ ಇದ್ರಲ್ಲಿ ಈ ದೇಶ ಇಲ್ವಲ್ಲ ಅಂದ್ಲು. ಎರಡು ಸಾಲಲ್ಲಿ ಏನೋ ಹೇಳಿ ಕಳಿಸ್ದೆ. ಆ ಉತ್ತರ ನನಗೇ ಸಮಾಧಾನ ಆಗ್ಲಿಲ್ಲ, ಅವತ್ತಿಂದ ಓದೋಕೆ ಶುರು ಮಾಡಿದ್ದು ಇನ್ನೂ ಮುಗಿದಿಲ್ಲ. ಓದ್ತಾ ಓದ್ತಾ ಆ ಯುದ್ಧಕ್ಕಿಂತ ಅದನ್ನ ಬರೆದವರೇ ನನ್ನನ್ನ ಹೆಚ್ಚು ಕಾಡೋಕೆ ಶುರು ಮಾಡಿದ್ರು. ಸ್ನೇಹಿತರು, ಹಳೇ ವಿದ್ಯಾರ್ಥಿಗಳು ಮತ್ತೆ ಮತ್ತೆ ಕೇಳೋ ಪ್ರಶ್ನೆಗಳನ್ನ ಇಲ್ಲಿ ಒಟ್ಟು ಹಾಕಿದೀನಿ.

ಯುಗೊಸ್ಲಾವಿಯಾ ಅಂದ್ರೆ ಯಾವ ದೇಶ? ಈಗ ಏನಾಗಿದೆ?

ಹೆಸರಿನ ಅರ್ಥ ದಕ್ಷಿಣದ ಸ್ಲಾವರ ನಾಡು. 1918ರಲ್ಲಿ ಒಂದು ರಾಜ್ಯವಾಗಿ ಶುರುವಾಯ್ತು, ಎರಡನೇ ಮಹಾಯುದ್ಧ ಆದ್ಮೇಲೆ ಕಮ್ಯುನಿಸ್ಟ್ ನಾಯಕ ಟಿಟೊ ಕೈಯಲ್ಲಿ ಸಮಾಜವಾದಿ ಒಕ್ಕೂಟ ಆಯ್ತು. ಆರು ಗಣರಾಜ್ಯ: ಸ್ಲೊವೇನಿಯಾ, ಕ್ರೊಯೇಷಿಯಾ, ಬೋಸ್ನಿಯಾ-ಹರ್ಜಗೋವಿನಾ, ಸರ್ಬಿಯಾ, ಮಾಂಟೆನೆಗ್ರೊ, ಮಾಸಿಡೋನಿಯಾ. ಸರ್ಬಿಯಾ ಒಳಗೇ ಎರಡು ಸ್ವಾಯತ್ತ ಪ್ರಾಂತ್ಯ, ವೊಯ್ವೊದಿನಾ ಮತ್ತೆ ಕೊಸೊವೊ. ಆರ್ಥೊಡಾಕ್ಸ್ ಕ್ರೈಸ್ತರು, ಕ್ಯಾಥೊಲಿಕ್ಕರು, ಮುಸ್ಲಿಮರು ಒಂದೇ ಬೀದೀಲಿ ಇರ್ತಿದ್ರು, ಮದುವೆನೂ ಆಗ್ತಿದ್ರು. 1981ರ ಜನಗಣತೀಲಿ ಜಾತಿ-ಜನಾಂಗ ಯಾವ್ದು ಅಂತ ಕೇಳಿದ್ದಕ್ಕೆ ಸುಮಾರು 12 ಲಕ್ಷ ಜನ ಸರ್ಬ್ ಅಂತಾನೂ ಹೇಳದೆ ಕ್ರೊಯಾಟ್ ಅಂತಾನೂ ಹೇಳದೆ ಬರೀ ಯುಗೊಸ್ಲಾವ್ ಅಂತ ಬರೆಸಿದ್ರು. ಆ 12 ಲಕ್ಷ ಜನರನ್ನ ನೆನಪಲ್ಲಿ ಇಟ್ಕೊಳ್ಳಿ, ಆಮೇಲೆ ದೇಶ ಒಡೆದಾಗ ಅವರಿಗೆ ಹೋಗೋಕೆ ಜಾಗನೇ ಇರ್ಲಿಲ್ಲ.

ಈಗ ಅಲ್ಲಿ ಏಳು ದೇಶ ಇವೆ, ಕೊಸೊವೊನೂ ಲೆಕ್ಕಕ್ಕೆ ಸೇರಿಸಿದ್ರೆ. ಅದನ್ನ ಸರ್ಬಿಯಾ ಒಪ್ಪಿಲ್ಲ, ನಮ್ಮ ಭಾರತ ಸರ್ಕಾರನೂ ಮಾನ್ಯ ಮಾಡಿಲ್ಲ.

ಒಡೆದಿದ್ದು ಹೇಗೆ, ಚಿಕ್ಕದಾಗಿ ಹೇಳಿ

ಟಿಟೊ 1980ರ ಮೇ 4ಕ್ಕೆ ತೀರಿಕೊಂಡ್ರು. ಆಗಲೇ ಸುಮಾರು 2,000 ಕೋಟಿ ಡಾಲರ್ ವಿದೇಶಿ ಸಾಲ ತಲೆ ಮೇಲಿತ್ತು, 1989ರ ಹೊತ್ತಿಗೆ ಹಣದುಬ್ಬರ ಸಾವಿರ ಪರ್ಸೆಂಟ್ ದಾಟಿತು, ಬೆಳಗ್ಗೆ ಇದ್ದ ರೇಟು ಸಂಜೆಗೆ ಇರ್ತಿರ್ಲಿಲ್ಲ. ಅದೇ ಟೈಮಲ್ಲಿ ಸರ್ಬಿಯಾದಲ್ಲಿ ಮಿಲೋಷೆವಿಚ್ ಅನ್ನೋ ಕಮ್ಯುನಿಸ್ಟ್ ನಾಯಕ, ಅಲ್ಬೇನಿಯನ್ನರೇ ಹೆಚ್ಚಿದ್ದ ಕೊಸೊವೊದಲ್ಲಿ ಸರ್ಬರಿಗೆ ಅನ್ಯಾಯ ಆಗ್ತಿದೆ ಅನ್ನೋ ವಿಷಯ ಹಿಡ್ಕೊಂಡು ಮೇಲೆ ಬಂದ. 1990ರ ಜನವರೀಲಿ ಕಮ್ಯುನಿಸ್ಟ್ ಪಾರ್ಟಿ ಮಹಾಧಿವೇಶನದಿಂದ ಸ್ಲೊವೇನಿಯಾದವರು ಎದ್ದು ಹೋದ್ರು, 1991ರ ಜೂನ್ 25ಕ್ಕೆ ಸ್ಲೊವೇನಿಯಾ ಮತ್ತೆ ಕ್ರೊಯೇಷಿಯಾ ಸ್ವಾತಂತ್ರ್ಯ ಘೋಷಿಸಿದ್ವು. ಸ್ಲೊವೇನಿಯಾದಲ್ಲಿ ಹತ್ತು ದಿನಕ್ಕೆ ಯುದ್ಧ ಮುಗೀತು, ಕ್ರೊಯೇಷಿಯಾದ ವುಕೊವಾರ್ ನವೆಂಬರಲ್ಲಿ ನೆಲಸಮ ಆಯ್ತು, 1992ರ ಏಪ್ರಿಲ್‌ನಿಂದ ಬೋಸ್ನಿಯಾ. ಬೋಸ್ನಿಯಾದ ರಾಜಧಾನಿ ಸರಾಯೆವೊಗೆ ಸರ್ಬ್ ಪಡೆಗಳು ಹಾಕಿದ ಮುತ್ತಿಗೆ 1,425 ದಿನ ನಡೀತು. 1995ರ ಜುಲೈಲಿ ಸ್ರೆಬ್ರೆನಿತ್ಸಾದಲ್ಲಿ 8,000ಕ್ಕೂ ಹೆಚ್ಚು ಬೋಸ್ನಿಯಾಕ್ (ಅಂದ್ರೆ ಬೋಸ್ನಿಯಾದ ಮುಸ್ಲಿಮ್) ಗಂಡಸರು, ಹುಡುಗರನ್ನ ಬೋಸ್ನಿಯಾದ ಸರ್ಬ್ ಸೇನೆಯವರು ಕೊಂದ್ರು. ಆ ವರ್ಷದ ಕೊನೇಲಿ ಬೋಸ್ನಿಯಾ ಯುದ್ಧ ನಿಲ್ಲಿಸಿದ ಡೇಟನ್ ಒಪ್ಪಂದ. ಆಮೇಲೆ ಕೊಸೊವೊ, 1999ರಲ್ಲಿ ಸರ್ಬಿಯಾ ಮೇಲೆ 78 ದಿನ ನೇಟೊ ಬಾಂಬಿಂಗ್. 2006ರಲ್ಲಿ ಮಾಂಟೆನೆಗ್ರೊ, 2008ರಲ್ಲಿ ಕೊಸೊವೊ ಬೇರೆ ಆದ್ವು.

ಸಾವಿರಾರು ವರ್ಷದ ಹಗೆ ಅಂತಾರಲ್ಲ, ಹಾಗಿದ್ಮೇಲೆ ಒಡೆಯೋದು ಗ್ಯಾರಂಟಿ ಇತ್ತಲ್ವಾ?

ಇದು ನನಗೆ ಅತಿ ಹೆಚ್ಚು ಬರೋ ಪ್ರಶ್ನೆ, ಇದಕ್ಕೆ ನನ್ನ ಉತ್ತರ ಇಲ್ಲ ಅಂತಾನೇ. ಈ ಹಳೇ ಹಗೆಯ ಕತೆ ಹಬ್ಬಿಸಿದ್ದು ಹೆಚ್ಚಾಗಿ ಹೊರಗಿನ ಪ್ರವಾಸ ಲೇಖಕರು, ಟಿವಿಯವರು. 1993ರಲ್ಲಿ ಬಂದ ರಾಬರ್ಟ್ ಕಾಪ್ಲಾನ್ ಅವರ ಪ್ರವಾಸ ಕಥನ ಓದಿದವರಿಗೆ ಅಲ್ಲಿನ ಜನ ಹುಟ್ಟಿನಿಂದಾನೇ ಕತ್ತಿ ಮಸೀತಾ ಕೂತಿದ್ರೇನೋ ಅನ್ಸುತ್ತೆ, ಹಾಗೆ ನಂಬಿದ್ರೆ ಹೊರಗಿನವರು ಯಾರೂ ಏನೂ ಮಾಡೋದು ಬೇಡ, ಕೈ ಕಟ್ಕೊಂಡು ನೋಡಿದ್ರೆ ಸಾಕು. ಬಲ್ಗೇರಿಯಾ ಮೂಲದ ಇತಿಹಾಸಕಾರ್ತಿ ಮರಿಯಾ ತೊದೊರೊವಾ 1997ರಲ್ಲಿ ಈ ಯೋಚನೆಯ ಬೇರನ್ನೇ ಅಗೆದು ತೋರಿಸಿದ್ರು, ಬಾಲ್ಕನ್ ಅನ್ನೋ ಪದ ಹೇಗೆ ಯುರೋಪಿನವರ ಬಾಯಲ್ಲಿ ಒಂದು ಬೈಗುಳ ಆಯ್ತು ಅಂತ.

ಸೂಸನ್ ವುಡ್‌ವರ್ಡ್ ಹೊಟ್ಟೆಪಾಡಿನ ಕಡೆಯಿಂದ ನೋಡ್ತಾರೆ: ಸಾಲ, ಐಎಂಎಫ್ ಷರತ್ತು, ನಿರುದ್ಯೋಗ, ಕೇಂದ್ರದ ಕೈಲಿ ಕೊಡೋಕೆ ಏನೂ ಉಳೀಲಿಲ್ಲ. ದೆಯಾನ್ ಯೊವಿಚ್ ಅನ್ನೋರು, ದೇಶ ಇಲ್ಲದಂಗೆ ಆಗೋದನ್ನೇ ಗುರಿ ಅಂದ್ಕೊಂಡಿದ್ದ ಮಾರ್ಕ್ಸ್‌ವಾದಿ ಸಿದ್ಧಾಂತನೇ ರಾಜ್ಯವನ್ನ ಒಳಗಿಂದ ಸವೆಸ್ತು ಅಂತಾರೆ. ಗ್ಯಾಗ್ನನ್ ಅನ್ನೋ ಅಮೆರಿಕನ್ ವಿದ್ವಾಂಸರದ್ದು ಇನ್ನೊಂದು ವಾದ, ಜನ ಬದಲಾವಣೆ ಕೇಳ್ತಿದ್ದಾಗ ಅವರ ಬಾಯಿ ಮುಚ್ಚಿಸೋಕೆ ಮೇಲಿದ್ದವರೇ ಯುದ್ಧ ತಂದ್ರು ಅಂತ. 1991ರಲ್ಲಿ ಸರ್ಬಿಯಾದ ರಾಜಧಾನಿ ಬೆಲ್‌ಗ್ರೇಡಲ್ಲಿ ಸೇನೆಗೆ ಬನ್ನಿ ಅಂತ ಚೀಟಿ ಬಂದಾಗ ಸಾವಿರಾರು ಹುಡುಗರು ನೆಂಟರ ಮನೇಲಿ ಬಚ್ಚಿಟ್ಕೊಂಡ್ರು, ದೇಶ ಬಿಟ್ರು. ರಕ್ತದಲ್ಲೇ ದ್ವೇಷ ಇದ್ದಿದ್ರೆ ಹಾಗೆ ತಪ್ಪಿಸ್ಕೊಂಡು ತಿರುಗ್ತಿದ್ರಾ ಹೇಳಿ.

ಯಾವುದು ಪೂರ್ತಿ ಸರಿ ಅಂತ ನಾನು ತೀರ್ಪು ಕೊಡಲ್ಲ. ಆದ್ರೆ ಹಳೇ ಹಗೆ ಅಂತ ಒಂದೇ ಮಾತಲ್ಲಿ ಮುಗಿಸೋ ಪುಸ್ತಕ ಸಿಕ್ಕಿದ್ರೆ ಹುಷಾರಾಗಿ ಓದಿ.

ಲೇಖಕರೇ ಬೆಂಕಿ ಹಚ್ಚಿದ್ರು ಅಂತ ಕೇಳಿದೀನಿ, ನಿಜಾನಾ?

ಎಲ್ಲರೂ ಅಲ್ಲ. ಆದ್ರೆ ಇದನ್ನ ಮುಚ್ಚಿಟ್ಟು ಈ ಕತೆ ಹೇಳೋಕಾಗಲ್ಲ. 1986ರ ಸೆಪ್ಟೆಂಬರಲ್ಲಿ ಸರ್ಬಿಯಾದ ವಿಜ್ಞಾನ ಮತ್ತು ಕಲಾ ಅಕಾಡೆಮಿ ತಯಾರಿಸ್ತಿದ್ದ, ಇನ್ನೂ ಮುಗೀದೇ ಇದ್ದ ಒಂದು ಮನವಿ ಪತ್ರ ಬೆಲ್‌ಗ್ರೇಡಿನ ಪತ್ರಿಕೆಗೆ ಸೋರಿಕೆ ಆಯ್ತು, ಸರ್ಬರಿಗೆ ಯುಗೊಸ್ಲಾವಿಯಾದಲ್ಲಿ ಅನ್ಯಾಯ ಆಗಿದೆ, ಕೊಸೊವೊದಲ್ಲಿ ಅವರ ಮೇಲೆ ನರಮೇಧ ನಡೀತಿದೆ ಅನ್ನೋ ಧಾಟೀಲಿ. ಮರುವರ್ಷ ಜನವರೀಲಿ ಸ್ಲೊವೇನಿಯಾದ ಒಂದು ಸಾಹಿತ್ಯ ಪತ್ರಿಕೆ ತಮ್ಮದೇ ರಾಷ್ಟ್ರೀಯ ಕಾರ್ಯಕ್ರಮ ಅಂತ ವಿಶೇಷ ಸಂಚಿಕೆ ತಂತು. ಎರಡರ ತೂಕ ಒಂದೇ ಅಲ್ಲ. ಆದ್ರೂ ದೇಶ ಮೊದಲು ಬಿರುಕು ಬಿಟ್ಟಿದ್ದು ಕಾಗದದ ಮೇಲೆ.

ಆಮೇಲೆ ಅಧಿಕಾರದಲ್ಲಿ ಯಾರ್ಯಾರು ಕೂತ್ರು ನೋಡಿ. ಕ್ರೊಯೇಷಿಯಾದ ಅಧ್ಯಕ್ಷ ಫ್ರಾನ್ಯೊ ತುಜ್ಮನ್ ವೃತ್ತಿಯಿಂದ ಇತಿಹಾಸಕಾರ, ಅದಕ್ಕೂ ಮುಂಚೆ ಟಿಟೊ ಸೇನೇಲಿ ಜನರಲ್. 1992ರಲ್ಲಿ ಸರ್ಬಿಯಾ-ಮಾಂಟೆನೆಗ್ರೊ ಸೇರಿ ಉಳಿದ ಯುಗೊಸ್ಲಾವಿಯಾಕ್ಕೆ ಅಧ್ಯಕ್ಷ ಆಗಿದ್ದು ಕಾದಂಬರಿಕಾರ ಡೊಬ್ರಿತ್ಸಾ ಚೊಸಿಚ್. ಸರಾಯೆವೊ ಸುತ್ತ ಗುಡ್ಡದ ಮೇಲೆ ಫಿರಂಗಿ ಇಟ್ಟ ಬೋಸ್ನಿಯಾ ಸರ್ಬರ ನಾಯಕ ರಾದೊವಾನ್ ಕರಾಜಿಚ್ ಮನೋವೈದ್ಯ ಮತ್ತೆ ಕವಿ, ಈ ಯುದ್ಧಗಳ ಅಪರಾಧ ವಿಚಾರಿಸೋಕೆ ವಿಶ್ವಸಂಸ್ಥೆ ಹೇಗ್ ನಗರದಲ್ಲಿ ಮಾಡಿದ್ದ ಕೋರ್ಟ್ ಮುಚ್ಚಿದ ಮೇಲೆ ಅದರ ಉಳಿದ ಕೇಸು ನೋಡೋಕೆ ಬಂದ ಕೋರ್ಟಿಂದ ಕೊನೆಗೆ 2019ರಲ್ಲಿ ಜೀವಾವಧಿ ಶಿಕ್ಷೆ ಆಯ್ತು.

ಇದರಲ್ಲಿ ನನ್ನನ್ನ ಅಲ್ಲಾಡಿಸಿಬಿಟ್ಟಿದ್ದು ನಿಕೊಲಾ ಕೊಲ್ಯೆವಿಚ್ ಅನ್ನೋ ಮೇಷ್ಟ್ರ ಕತೆ. ಸರಾಯೆವೊ ಯೂನಿವರ್ಸಿಟೀಲಿ ಶೇಕ್ಸ್‌ಪಿಯರ್ ಪಾಠ ಮಾಡ್ತಿದ್ದವರು, ಅಲೆಕ್ಸಾಂಡರ್ ಹೆಮೊನ್ ಅನ್ನೋ ಬೋಸ್ನಿಯಾದ ಲೇಖಕ ಅವರ ಸ್ಟೂಡೆಂಟ್. ಒಂದು ಕವಿತೆನ ಪದ ಪದ ಬಿಡಿಸಿ ಓದೋದು ಹೇಗೆ ಅಂತ ಕಲಿಸಿದ್ದು ಅವರೇ ಅಂತ ಹೆಮೊನ್ ಬರೀತಾರೆ. ಒಂದಿನ ಮೇಷ್ಟ್ರು ತಮ್ಮ ಪುಟ್ಟ ಮಗಳ ವಿಷಯ ಹೇಳಿದ್ರಂತೆ, ಐದು ವರ್ಷಕ್ಕೇ ಅವಳು ತನ್ನ ಜೀವನದ ಪುಸ್ತಕ ಬರೆಯೋಕೆ ಶುರು ಮಾಡಿ ಮೊದಲನೇ ಅಧ್ಯಾಯಕ್ಕೇ ನಿಲ್ಲಿಸಿದ್ಲು, ಎರಡನೇದು ಬರೆಯೋಕೆ ಇನ್ನೊಂಚೂರು ಜೀವನ ಆಗ್ಲಿ ಅಂತ ಕಾಯ್ತಿದ್ಲು. ಅದೇ ಮೇಷ್ಟ್ರು ಆಮೇಲೆ ಕರಾಜಿಚ್ ಪಕ್ಕದಲ್ಲಿ ಬೋಸ್ನಿಯಾ ಸರ್ಬರ ಸರ್ಕಾರದ ಉಪಾಧ್ಯಕ್ಷ ಆಗಿ ಕೂತ್ರು. ಬೇಲಿನೇ ಎದ್ದು ಹೊಲ ಮೇಯ್ದಂಗೆ. ತಾನು ಓದಿದ್ದರಲ್ಲಿ ಅವರ ನೆರಳು ಎಲ್ಲೆಲ್ಲಿ ಬಿದ್ದಿದೆ ಅಂತ ಹೆಮೊನ್ ವರ್ಷಗಟ್ಟಲೆ ಹುಡುಕ್ತಾ ಕೂತ್ರು. 1997ರಲ್ಲಿ ಕೊಲ್ಯೆವಿಚ್ ಆತ್ಮಹತ್ಯೆ ಮಾಡ್ಕೊಂಡ್ರು. ನಾನೂ ಮೇಷ್ಟ್ರೇ ಆಗಿರೋದಕ್ಕೋ ಏನೋ ಆ ಪ್ರಬಂಧ ಓದಿದ ರಾತ್ರಿ ನಿದ್ದೆ ಬರ್ಲಿಲ್ಲ.

ಸತ್ತವರ ಸಂಖ್ಯೆ ಒಂದೊಂದು ಪುಸ್ತಕದಲ್ಲಿ ಒಂದೊಂದು ಥರ ಇದೆಯಲ್ಲ, ಯಾಕೆ?

ಇದನ್ನ ಸ್ವಲ್ಪ ಉದ್ದಕ್ಕೇ ಹೇಳ್ಬೇಕು, ಯಾಕಂದ್ರೆ ನನ್ನ ಪ್ರಕಾರ ಇಡೀ ವಿಷಯದ ಗಂಟು ಇಲ್ಲೇ ಇರೋದು.

1990ರ ದಶಕದ ಯುದ್ಧಕ್ಕೂ ಮೊದಲು ಎರಡನೇ ಮಹಾಯುದ್ಧದ ಲೆಕ್ಕದಿಂದ ಶುರು ಮಾಡಿ. ಯುದ್ಧದಲ್ಲಿ ನಮ್ಮವರು 17 ಲಕ್ಷ ಜನ ಸತ್ರು ಅಂತ ಯುಗೊಸ್ಲಾವಿಯಾ ಸರ್ಕಾರ ಹೇಳ್ತಾ ಬಂತು. ಆ ಸಂಖ್ಯೆ ಎಲ್ಲಿಂದ ಬಂತು ಗೊತ್ತಾ, ಅಂಕಿಅಂಶ ಕಚೇರೀಲಿದ್ದ ವ್ಲಾದೆತಾ ವುಚ್ಕೊವಿಚ್ ಅನ್ನೋ ಗಣಿತದ ಹುಡುಗನಿಗೆ ಯುದ್ಧದಿಂದ ಆದ ಜನಸಂಖ್ಯೆ ನಷ್ಟ ಲೆಕ್ಕ ಹಾಕು ಅಂತ ಕೊಟ್ರು. ಜನಸಂಖ್ಯೆ ನಷ್ಟ ಅಂದ್ರೆ ಹುಟ್ಟದೇ ಹೋದ ಮಕ್ಕಳು, ದೇಶ ಬಿಟ್ಟು ಹೋದವರು ಎಲ್ಲಾ ಸೇರಿ. ಅವನು ಹಾಕಿಕೊಟ್ಟ ಲೆಕ್ಕವನ್ನೇ ಮೇಲಿನವರು ಸತ್ತವರ ಸಂಖ್ಯೆ ಅಂತ ಹೇಳಿಬಿಟ್ರು. ಆಮೇಲೆ ವುಚ್ಕೊವಿಚ್ ಅಮೆರಿಕಾದಲ್ಲಿ ಪ್ರೊಫೆಸರ್ ಆದ್ರು, ಅಲ್ಲಿಂದಾನೇ ಈ ವಿಷಯ ಬರೆದು ಹೊರಗೆ ಹಾಕಿದ್ರು. 1964ರಲ್ಲಿ ಸರ್ಕಾರನೇ ಹೆಸರು ಹೆಸರಾಗಿ ಪಟ್ಟಿ ಮಾಡಿಸ್ತು, ಸಿಕ್ಕಿದ್ದು 5,97,323. ಪಟ್ಟಿ ಅಪೂರ್ಣನೇ, ಆದ್ರೂ 17 ಲಕ್ಷ ಎಲ್ಲಿ 6 ಲಕ್ಷ ಎಲ್ಲಿ. ಅದನ್ನ ಜನಕ್ಕೆ ತೋರಿಸ್ದೇ ಒಳಗೆ ಇಟ್ರು. 1980ರ ದಶಕದಲ್ಲಿ ಬೊಗೊಲ್ಯುಬ್ ಕೊಚೊವಿಚ್ ಅನ್ನೋ ಸರ್ಬ್, ವ್ಲಾದಿಮಿರ್ ಝೆರ್ಯಾವಿಚ್ ಅನ್ನೋ ಕ್ರೊಯಾಟ್, ಇಬ್ಬರೂ ಬೇರೆ ಬೇರೆ ಕೂತು ಲೆಕ್ಕ ಹಾಕಿ ಹೆಚ್ಚೂಕಮ್ಮಿ ಒಂದೇ ಕಡೆ ಬಂದು ನಿಂತ್ರು, ಸುಮಾರು 10 ಲಕ್ಷ. ಆ ಕಾಲದಲ್ಲಿ ಆ ಎರಡು ಕಡೆಯವರು ಒಂದೇ ಉತ್ತರಕ್ಕೆ ಬಂದ್ರು ಅನ್ನೋದೇ ನನಗೆ ದೊಡ್ಡ ವಿಷಯ.

ಸರ್ಕಾರ ಸತ್ಯ ಮುಚ್ಚಿಟ್ಟ ಜಾಗಕ್ಕೆ ಆಮೇಲೆ ಸುಳ್ಳು ಬಂದು ಕೂತ್ಕೊಳ್ತು. ಯಾಸೆನೊವಾತ್ಸ್ ಅನ್ನೋ ಊರಲ್ಲಿ ಕ್ರೊಯೇಷಿಯಾದ ಫ್ಯಾಸಿಸ್ಟ್ ಉಸ್ತಾಶಾಗಳು ಯಾತನಾ ಶಿಬಿರ ನಡೆಸಿದ್ರು, ಸರ್ಬರು, ಯಹೂದಿಗಳು, ರೋಮಾ (ಜಿಪ್ಸಿ) ಜನ, ವಿರೋಧಿ ಕ್ರೊಯಾಟರನ್ನ ಅಲ್ಲಿ ಕೊಂದ್ರು. ಸತ್ತವರು 7 ಲಕ್ಷ ಅಂತ ಒಂದು ಕಡೆ ಸಾರಿ ಸಾರಿ ಹೇಳಿದ್ರು, ಇನ್ನೊಂದು ಕಡೆ ತುಜ್ಮನ್ 1989ರಲ್ಲಿ ಪುಸ್ತಕ ಬರೆದು ಅದನ್ನ ತೀರಾ ಕಮ್ಮಿ ಮಾಡಿ ತೋರಿಸಿದ್ರು. ಒಬ್ಬರಿಗೆ ಭಯ ಹುಟ್ಟಿಸೋಕೆ ದೊಡ್ಡ ಸಂಖ್ಯೆ ಬೇಕಿತ್ತು, ಇನ್ನೊಬ್ಬರಿಗೆ ಮೈಮೇಲಿನ ಕಲೆ ಒರೆಸ್ಕೊಳ್ಳೋಕೆ ಸಣ್ಣ ಸಂಖ್ಯೆ. ಅಲ್ಲಿನ ಸ್ಮಾರಕದವರು ಒಂದೊಂದೇ ಹೆಸರು ಹುಡುಕಿ ಮಾಡಿದ ಪಟ್ಟೀಲಿ ಈಗ 83,145 ಹೆಸರಿದೆ. 83 ಸಾವಿರ ಜೀವ ಅಂದ್ರೆ ಸಣ್ಣದಾ? ಅದನ್ನ ಏಳು ಲಕ್ಷ ಮಾಡಿದಾಗ ಈ 83 ಸಾವಿರ ಜನ ಮನುಷ್ಯರಾಗಿ ಉಳೀಲಿಲ್ಲ, ಬರೀ ಒಂದು ಘೋಷಣೆ ಆಗೋದ್ರು.

ಈಗ ಬೋಸ್ನಿಯಾಕ್ಕೆ ಬನ್ನಿ. ಯುದ್ಧ ನಡೀತಿದ್ದಾಗಿಂದ 2 ಲಕ್ಷ ಅನ್ನೋ ಸಂಖ್ಯೆ ಎಲ್ಲಾ ಕಡೆ ಓಡಾಡ್ತಿತ್ತು. ಸರಾಯೆವೊದ ಸಂಶೋಧನಾ ಮತ್ತು ದಾಖಲಾತಿ ಕೇಂದ್ರದ ಮಿರ್ಸಾದ್ ತೊಕಾಚಾ ಮತ್ತೆ ಅವರ ಟೀಮು ಹತ್ತಾರು ಮೂಲದಿಂದ ಒಂದೊಂದು ಹೆಸರು ಕೂಡಿಸ್ತಾ ಹೋದ್ರು. 2013ರಲ್ಲಿ ನಾಲ್ಕು ಸಂಪುಟದಲ್ಲಿ ಸತ್ತವರ ಪುಸ್ತಕ ಹೊರಗೆ ಬಂತು: 95,940 ಹೆಸರು, ಅದರಲ್ಲಿ 57,701 ಸೈನಿಕರು, 38,239 ಸಾಮಾನ್ಯ ಜನ. ಆ ಸಾಮಾನ್ಯ ಜನರಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಬೋಸ್ನಿಯಾಕ್ ಮುಸ್ಲಿಮರು. ಹೇಗ್ ಕೋರ್ಟಿನ ಜನಸಂಖ್ಯಾ ತಜ್ಞರು ಬೇರೆ ದಾರೀಲಿ ಅಂದಾಜು ಮಾಡಿದ್ದು 1,04,732, ಅಂದ್ರೆ ಎರಡೂ ಹತ್ತಿರ ಹತ್ತಿರ ಬಂದ್ವು. ತೊಕಾಚಾಗೆ ಶಾಬಾಸ್ ಅಂತ ಎಲ್ಲರೂ ಹೇಳ್ಲಿಲ್ಲ, ನಮ್ಮವರ ಸಾವನ್ನ ಅರ್ಧ ಮಾಡಿಬಿಟ್ಟ ಅಂತ ಅವರ ಕಡೆಯವರೇ ಬೈದ್ರು. ನನಗೆ ಮಾತ್ರ ಆ ನಾಲ್ಕು ಸಂಪುಟ ಯಾವ ಮಹಾಕಾವ್ಯಕ್ಕೂ ಕಮ್ಮಿ ಅನ್ಸಲ್ಲ. ಎರಡು ಲಕ್ಷ ಅಂದಾಗ ಯಾರ ಅಮ್ಮನಿಗೂ ಅದರಲ್ಲಿ ತನ್ನ ಮಗ ಸಿಗಲ್ಲ, ಪಟ್ಟೀಲಿ ಸಿಗ್ತಾನೆ.

ಬೆಲ್‌ಗ್ರೇಡಲ್ಲಿ ಇದೇ ಕೆಲಸ ಮಾಡಿದವರು ನತಾಶಾ ಕಾಂದಿಚ್. 1992ರಲ್ಲಿ ಹ್ಯುಮಾನಿಟೇರಿಯನ್ ಲಾ ಸೆಂಟರ್ ಶುರು ಮಾಡಿದ್ರು, ಅವರ ಸಂಸ್ಥೆ ಮತ್ತೆ ಕೊಸೊವೊದವರು ಸೇರಿ 1998ರಿಂದ 2000ದವರೆಗೆ ಸತ್ತ, ಕಾಣೆಯಾದ 13,535 ಜನರ ಹೆಸರು ಕೂಡಿಸಿದ್ರು, ಅಲ್ಬೇನಿಯನ್ನರು, ಸರ್ಬರು, ರೋಮಾ ಎಲ್ಲರದ್ದೂ ಒಂದೇ ಪಟ್ಟೀಲಿ. ಸ್ವಂತ ಊರಲ್ಲಿ ದೇಶದ್ರೋಹಿ ಅನ್ನಿಸ್ಕೊಂಡೇ ಈ ಕೆಲಸ ಮಾಡಿದ್ದು ಆಯಮ್ಮ.

ಸರಾಯೆವೊ ಲೈಬ್ರರಿ ಸುಟ್ಟಿದ್ದನ್ನ ಎಲ್ಲಾ ಲೇಖಕರೂ ಬರೀತಾರೆ, ಅಷ್ಟು ಜನ ಸಾಯ್ತಿದ್ದಾಗ ಪುಸ್ತಕದ್ದೇನು?

ಮೊದಲು ಏನಾಯ್ತು ಅಂತ ಹೇಳ್ತೀನಿ. ನದಿ ದಡದಲ್ಲಿ ವಿಯೆಚ್ನಿತ್ಸಾ ಅಂತ 1896ರ ದೊಡ್ಡ ಕಟ್ಟಡ, ಅದರಲ್ಲಿ ರಾಷ್ಟ್ರೀಯ ಗ್ರಂಥಾಲಯ ಇತ್ತು, ಸುಮಾರು 15 ಲಕ್ಷ ಪುಸ್ತಕ, ಅದರಲ್ಲಿ 1,55,000 ಅಪರೂಪದವು. 1992ರ ಆಗಸ್ಟ್ 25ರ ರಾತ್ರಿ ಗುಡ್ಡದ ಮೇಲಿಂದ ಬೆಂಕಿ ಹತ್ತೋ ಶೆಲ್ ಹಾಕಿದ್ರು. ನಲ್ಲೀಲಿ ನೀರಿಲ್ಲ. ಲೈಬ್ರರಿಯವರು, ಬೀದಿ ಜನ ಸಾಲಾಗಿ ನಿಂತು ಕೈಯಿಂದ ಕೈಗೆ ಪುಸ್ತಕ ದಾಟಿಸಿದ್ರು, ಅವರ ಮೇಲೂ ಸ್ನೈಪರ್ ಗುಂಡು. ಅಲ್ಲಿನ ಒಬ್ಬ ಯುವ ಗ್ರಂಥಪಾಲಕಿ ಆ ಸಮಯದಲ್ಲೇ ಪ್ರಾಣ ಬಿಟ್ರು. ಸುಟ್ಟ ಹಾಳೆಗಳು ಊರ ತುಂಬಾ ಕಪ್ಪು ಹಿಮದ ಥರ ಬೀಳ್ತಿದ್ವು ಅಂತ ಅಲ್ಲಿನ ಒಬ್ಬ ಗ್ರಂಥಪಾಲಕರು ಬರೆದಿದಾರೆ, ಒಂದು ಹಾಳೆ ಅಂಗೈಲಿ ಹಿಡಿದ್ರೆ ಬಿಸಿ ತಾಗೋದು, ಕಪ್ಪು ಹಾಳೆ ಮೇಲೆ ಬೂದಿ ಬಣ್ಣದ ಅಕ್ಷರ ಒಂದು ಕ್ಷಣ ಓದೋಕೂ ಬರೋದು, ಬಿಸಿ ಆರ್ತಿದ್ದಂಗೆ ಕೈಯಲ್ಲೇ ಪುಡಿ ಆಗೋದು.

ಅದಕ್ಕೂ ಮೂರು ತಿಂಗಳ ಮುಂಚೆ, ಮೇ 17ಕ್ಕೆ, ಓರಿಯಂಟಲ್ ಇನ್‌ಸ್ಟಿಟ್ಯೂಟ್ ಸುಟ್ಟಿದ್ರು. 5,263 ಹಸ್ತಪ್ರತಿ, ಅರೇಬಿಕ್, ಫಾರ್ಸಿ, ಒಟ್ಟೋಮನ್ ತುರ್ಕಿ ಭಾಷೆಯವು, ಜೊತೆಗೆ ನಮ್ಮ ಪಹಣಿ ಖಾತೆ ಥರದ ಹಳೇ ಜಮೀನು ದಾಖಲೆಗಳು. ಪುಸ್ತಕದ್ದೇನು ಅಂತ ಕೇಳಿದ್ರಲ್ಲ, ಇಲ್ಲಿದೆ ಉತ್ತರ. ಈ ಊರಲ್ಲಿ ಇವರೆಲ್ಲಾ ನಾನೂರು ವರ್ಷ ಅಕ್ಕಪಕ್ಕ ಬಾಳಿದ್ರು ಅಂತ ಹೇಳೋ ಕಾಗದ ಪತ್ರನೇ ಸುಟ್ರೆ, ನೀವು ಇಲ್ಲಿಯವರೇ ಅಲ್ಲ ಅಂತ ನಾಳೆ ಹೇಳೋದು ಸುಲಭ. ಹಾರ್ವರ್ಡಿನ ಗ್ರಂಥಪಾಲಕ ಆಂದ್ರಾಶ್ ರೀಡ್ಲ್‌ಮಾಯರ್ ಸುಟ್ಟ ಲೈಬ್ರರಿ, ಮಸೀದಿ, ಚರ್ಚುಗಳ ಲೆಕ್ಕ ಮಾಡ್ಕೊಂಡು ಹೋಗಿ ಹೇಗ್ ಕೋರ್ಟಲ್ಲಿ ಸಾಕ್ಷಿ ಹೇಳಿದ್ರು. ಲೈಬ್ರರಿ ಕಟ್ಟಡ 2014ರಲ್ಲಿ ಮತ್ತೆ ತೆರೀತು. ಒಳಗಿದ್ದದ್ದು ವಾಪಸ್ ಬರ್ಲಿಲ್ಲ.

ಒಳಗಿದ್ದು ಬರೆದ ಪತ್ರಕರ್ತರು ಯಾರು?

ಸರಾಯೆವೊದ ಒಸ್ಲೊಬೊಜೆನ್ಯೆ ದಿನಪತ್ರಿಕೆಯವರನ್ನ ಮೊದಲು ಹೇಳ್ಬೇಕು. ಅವರ ಆಫೀಸು ಯುದ್ಧರಂಗದ ಅಂಚಲ್ಲೇ, ಮೇಲಿನ ಮಹಡಿಗಳೆಲ್ಲಾ ಬಿದ್ದೋದ್ಮೇಲೆ ನೆಲಮಾಳಿಗೇಲಿ ಕೂತು ಪೇಪರ್ ತಂದ್ರು. ಬೋಸ್ನಿಯಾಕ್, ಸರ್ಬ್, ಕ್ರೊಯಾಟ್ ಎಲ್ಲರೂ ಇದ್ದ ಟೀಮು. ನ್ಯೂಸ್‌ಪ್ರಿಂಟ್ ಇಲ್ದಾಗ ಪುಟ, ಪ್ರತಿ ಕಮ್ಮಿ ಮಾಡಿದ್ರು, ನಿಲ್ಲಿಸ್ಲಿಲ್ಲ. ಹೊರಗಿನವರಲ್ಲಿ ರಾಯ್ ಗಟ್‌ಮನ್ 1992ರಲ್ಲಿ ಬೋಸ್ನಿಯಾದಲ್ಲಿ ಸರ್ಬ್ ಪಡೆಯವರು ನಡೆಸ್ತಿದ್ದ ಒಮಾರ್ಸ್ಕಾ ಯಾತನಾ ಶಿಬಿರದ ವಿಷಯ ಬಯಲಿಗೆ ತಂದವರು. ಕಾಮಿಕ್ಸ್ ಥರ ಚಿತ್ರ ಬರೆದು ಬೋಸ್ನಿಯಾದ ಗೊರಾಝ್ದೆ ಊರಿನ ಕತೆ ಹೇಳಿದ ಜೋ ಸಾಕೊ ಪುಸ್ತಕನ ನಾನು ಹತ್ತನೇ ಕ್ಲಾಸಿನ ಹುಡುಗರಿಗೂ ತೋರಿಸಿದೀನಿ.

ದೇಶ ಬಿಟ್ಟು ಹೋದ ಲೇಖಕರು ಬರೆದಿದ್ದನ್ನ ನಂಬ್ಬೋದಾ?

ಅವರು ಯಾಕೆ ಬಿಟ್ರು ಅಂತ ನೋಡಿ. 1992ರ ಕೊನೇಲಿ ಕ್ರೊಯೇಷಿಯಾದ ರಾಜಧಾನಿ ಝಾಗ್ರೆಬಿನ ಒಂದು ವಾರಪತ್ರಿಕೆ ಬರೆಯೋ ಐದು ಜನ ಹೆಣ್ಣುಮಕ್ಕಳನ್ನ ಮಾಟಗಾತಿಯರು ಅಂತ ಕರೆದು ಬರೀತು, ಅವರ ಹುಟ್ಟಿದ ಊರು, ಗಂಡನ ಜನಾಂಗ ಯಾವ್ದು ಅಂತೆಲ್ಲಾ ಪಟ್ಟಿ ಹಾಕಿ. ಅವರಲ್ಲಿ ದುಬ್ರಾವ್ಕಾ ಉಗ್ರೆಶಿಚ್, ಸ್ಲಾವೆಂಕಾ ದ್ರಾಕುಲಿಚ್, ರಾದಾ ಇವೆಕೊವಿಚ್ ಇದ್ರು. ತಪ್ಪೇನು ಅಂದ್ರೆ ಸ್ವಂತ ಕಡೆಯವರ ರಾಷ್ಟ್ರವಾದನೂ ಸರಿ ಇಲ್ಲ ಅಂದಿದ್ದು. ರಾತ್ರೋರಾತ್ರಿ ಬೆದರಿಕೆ ಫೋನು, ನಿನ್ನೆವರೆಗೂ ಮಾತಾಡ್ತಿದ್ದವರು ಮುಖ ತಿರುಗಿಸೋದು. ಉಗ್ರೆಶಿಚ್ 1993ರಲ್ಲಿ ದೇಶ ಬಿಟ್ರು, 2023ರಲ್ಲಿ ಆಮ್‌ಸ್ಟರ್‌ಡ್ಯಾಮಲ್ಲಿ ತೀರಿಕೊಂಡ್ರು. ಯುದ್ಧ ಬರೀ ಬಂದೂಕಿಂದ ಆಗಲ್ಲ, ಸುಳ್ಳು ಹೇಗೆ ದಿನನಿತ್ಯದ ಅನ್ನ ನೀರಾಗುತ್ತೆ ಅಂತ ಅವರಷ್ಟು ಚೆನ್ನಾಗಿ ತೋರಿಸಿದವರು ನನಗೆ ಸಿಕ್ಕಿಲ್ಲ. ದ್ರಾಕುಲಿಚ್ ಹೇಗ್ ಕೋರ್ಟಲ್ಲಿ ಕೂತು ಆರೋಪಿಗಳ ಮುಖ ನೋಡ್ತಾ ಬರೆದ್ರು, ಇವರು ರಾಕ್ಷಸರಲ್ಲ, ಪಕ್ಕದ ಮನೆಯವರ ಥರನೇ ಇದಾರಲ್ಲ ಅನ್ನೋದೇ ಅವರಿಗೆ ಭಯ.

ಹೆಮೊನ್ 1992ರಲ್ಲಿ ಸ್ವಲ್ಪ ದಿನಕ್ಕೆ ಅಂತ ಅಮೆರಿಕಾಕ್ಕೆ ಹೋದವರು, ಅಷ್ಟರಲ್ಲಿ ಊರಿಗೆ ಮುತ್ತಿಗೆ ಬಿತ್ತು, ಶಿಕಾಗೋದಲ್ಲೇ ಉಳ್ಕೊಂಡು ಇಂಗ್ಲಿಷಲ್ಲಿ ಬರೆಯೋದು ಕಲಿತ್ರು. ಸಾಶಾ ಸ್ಟಾನಿಶಿಚ್ 14 ವರ್ಷದ ಹುಡುಗನಾಗಿ ಬೋಸ್ನಿಯಾದ ವಿಶೆಗ್ರಾದ್ ಊರಿಂದ ಜರ್ಮನಿಗೆ ಓಡಿ ಬಂದವರು, ಈಗ ಜರ್ಮನ್ ಭಾಷೆಯ ದೊಡ್ಡ ಲೇಖಕ. ಮುತ್ತಿಗೆ ಒಳಗಿದ್ದು ಆಮೇಲೆ ಝಾಗ್ರೆಬಿಗೆ ಹೋದ ಮಿಲ್ಯೆಂಕೊ ಯೆರ್ಗೊವಿಚ್ ಕತೆಗಳಲ್ಲಿ ಯುದ್ಧ ಜಾಸ್ತಿ ಕಾಣಲ್ಲ, ಒಂದು ಹಳೇ ಕಾರು, ಒಂದು ಗಿಡ, ಸಿಗರೇಟು, ಸುಟ್ಟ ಲೈಬ್ರರಿ. ದೂರ ಇದ್ದವರು ಮರೆತ್ರು ಅಂತ ನನಗನ್ಸಿಲ್ಲ.

ಇವೊ ಆಂಡ್ರಿಚ್ ಯಾವ ದೇಶದ ಲೇಖಕ?

ಹುಟ್ಟಿದ್ದು ಬೋಸ್ನಿಯಾದಲ್ಲಿ, ಕ್ಯಾಥೊಲಿಕ್ ಮನೇಲಿ. ಬದುಕಿದ್ದು ಸತ್ತಿದ್ದು ಬೆಲ್‌ಗ್ರೇಡಲ್ಲಿ. 1961ರಲ್ಲಿ ನೊಬೆಲ್ ಬಂದಾಗ ಯುಗೊಸ್ಲಾವಿಯಾದ ಲೇಖಕ. ಈಗ ಮೂರು ಕಡೆಯವರೂ ನಮ್ಮವರು ಅಂತಾರೆ, ಕೆಲವು ಬೋಸ್ನಿಯಾಕ್ ವಿಮರ್ಶಕರು ಮುಸ್ಲಿಮರನ್ನ ಸರಿಯಾಗಿ ಚಿತ್ರಿಸಿಲ್ಲ ಅಂತ ದೂರ್ತಾರೆ. ದ್ರಿನಾ ನದಿಯ ಸೇತುವೆ ಮೇಲೆ ಅವರು ಬರೆದ ಕಾದಂಬರೀಲಿ ನಾಲ್ಕು ಶತಮಾನ ಜನ ಕೂತು ಕಾಫಿ ಕುಡೀತಾರೆ, ಜಗಳ ಆಡ್ತಾರೆ. 1992ರಲ್ಲಿ ಅದೇ ವಿಶೆಗ್ರಾದ್ ಸೇತುವೆ ಮೇಲೆ ಬೋಸ್ನಿಯಾಕ್ ಜನರನ್ನ ಕೊಂದು ನದಿಗೆ ತಳ್ಳಿದ್ರು. ಕಾದಂಬರಿ ಮೊದಲು ಓದಿ, ಆಮೇಲೆ ಸ್ಟಾನಿಶಿಚ್ ಓದಿ, ಊರು ಒಂದೇ.

2019ರಲ್ಲಿ ಹ್ಯಾಂಡ್ಕೆಗೆ ನೊಬೆಲ್ ಬಂದಾಗ ಗಲಾಟೆ ಯಾಕಾಯ್ತು?

ಪೀಟರ್ ಹ್ಯಾಂಡ್ಕೆ ಆಸ್ಟ್ರಿಯಾದ ಲೇಖಕ, ತಾಯಿ ಕಡೆಯಿಂದ ಸ್ಲೊವೇನಿಯನ್. 1996ರಲ್ಲಿ ಸರ್ಬಿಯಾ ಪ್ರವಾಸದ ಬಗ್ಗೆ ಸರ್ಬಿಯಾ ಪರವಾಗಿ ಬರೆದಿದ್ದಕ್ಕೆ, 2006ರಲ್ಲಿ ಮಿಲೋಷೆವಿಚ್ ಅಂತ್ಯಕ್ರಿಯೆಲಿ ಮಾತಾಡಿದ್ದಕ್ಕೆ ಜನರಿಗೆ ಸಿಟ್ಟಿತ್ತು. ನೊಬೆಲ್ ಬಂದ 2019ರಲ್ಲೇ ಜರ್ಮನ್ ಬುಕ್ ಪ್ರೈಜ್ ತಗೊಂಡ ಸ್ಟಾನಿಶಿಚ್ ವೇದಿಕೆ ಮೇಲೇ ನೇರವಾಗಿ ಆ ನೊಬೆಲನ್ನ ಖಂಡಿಸಿದ್ರು, ತನ್ನ ಊರಲ್ಲಿ ನಡೆದಿದ್ದು ಹ್ಯಾಂಡ್ಕೆ ಬರವಣಿಗೇಲಿ ಇಲ್ಲವೇ ಇಲ್ಲ ಅಂತ. ನಾನು ಸ್ಟಾನಿಶಿಚ್ ಕಡೆ.

ಭಾಷೆ ಒಂದಾ, ನಾಲ್ಕಾ?

ಮೊದಲು ಸರ್ಬೊ-ಕ್ರೊಯೇಷಿಯನ್ ಅಂತಿದ್ರು. ಈಗ ಸರ್ಬಿಯನ್, ಕ್ರೊಯೇಷಿಯನ್, ಬೋಸ್ನಿಯನ್, ಮಾಂಟೆನೆಗ್ರಿನ್ ಅಂತ ನಾಲ್ಕು ಹೆಸರು. ಒಬ್ಬರಿಗೊಬ್ಬರು ಮಾತಾಡಿದ್ರೆ ಚೆನ್ನಾಗೇ ಅರ್ಥ ಆಗುತ್ತೆ, ನಮ್ಮ ಧಾರವಾಡದವರೂ ಮೈಸೂರಿನವರೂ ಮಾತಾಡಿದಂಗೆ. ಹಿಂದಿ-ಉರ್ದು ಕತೆ ಗೊತ್ತಿದ್ದವರಿಗೆ ಬೇಗ ಹೊಳಿಯುತ್ತೆ. ಬೋಸ್ನಿಯಾದಲ್ಲಿ ಸಿಗರೇಟ್ ಪ್ಯಾಕ್ ಮೇಲೆ ಧೂಮಪಾನ ಕೊಲ್ಲುತ್ತೆ ಅನ್ನೋ ಎಚ್ಚರಿಕೆ ಮೂರು ಸಲ ಇರುತ್ತೆ, ಎರಡು ಸಲ ಲ್ಯಾಟಿನ್ ಲಿಪೀಲಿ ಒಂದು ಸಲ ಸಿರಿಲಿಕ್ ಲಿಪೀಲಿ, ಮೂರೂ ಅದೇ ವಾಕ್ಯ. 2017ರಲ್ಲಿ ಆ ಕಡೆಯ ಲೇಖಕರು, ಭಾಷಾತಜ್ಞರು ಸೇರಿ ನಮ್ಮದು ಒಂದೇ ಭಾಷೆ, ಹೆಸರು ಯಾರು ಏನು ಬೇಕಾದ್ರೂ ಇಟ್ಕೊಳ್ಳಿ ಅಂತ ಘೋಷಣೆ ಹೊರಡಿಸಿದ್ರು.

ಹೇಗ್ ಕೋರ್ಟಿನ ದಾಖಲೆನೇ ಇತಿಹಾಸ ಅಂತ ತಗೋಬೋದಾ?

ಅರ್ಧ. ಆ ಕೋರ್ಟ್ 1993ರಿಂದ 2017ರವರೆಗೆ ನಡೀತು, 161 ಜನರ ಮೇಲೆ ಆರೋಪ ಹೊರಿಸ್ತು, 4,600ಕ್ಕೂ ಹೆಚ್ಚು ಸಾಕ್ಷಿಗಳು ಬಂದು ಹೇಳಿದ್ರು. ಸ್ರೆಬ್ರೆನಿತ್ಸಾದಲ್ಲಿ ನಡೆದಿದ್ದು ನರಮೇಧ ಅಂತ ಅಲ್ಲಿ ತೀರ್ಪಾಗಿದೆ. 2005ರಲ್ಲಿ ಕಾಂದಿಚ್ ಸಂಪಾದಿಸಿದ ಒಂದು ವಿಡಿಯೋ ಕೋರ್ಟಲ್ಲಿ ಹಾಕಿದ್ರು, ಸರ್ಬಿಯಾದ ಒಂದು ತುಕಡಿಯವರು ಸ್ರೆಬ್ರೆನಿತ್ಸಾದ ಆರು ಜನರನ್ನ ಕೈ ಕಟ್ಟಿ ಕರ್ಕೊಂಡು ಹೋಗಿ ಗುಂಡು ಹೊಡೆಯೋದು, ಅದು ಸರ್ಬಿಯಾ ಟಿವೀಲೂ ಬಂತು. ಇತಿಹಾಸಕಾರರಿಗೆ ಈ ದಾಖಲೆ ದೊಡ್ಡ ಕಣಜ. ಆದ್ರೆ ಕೋರ್ಟ್ ಕೇಳೋದು ಈ ಮನುಷ್ಯ ತಪ್ಪು ಮಾಡಿದ್ನಾ ಅಂತ, ದೇಶ ಯಾಕೆ ಒಡೀತು ಅಂತ ಅಲ್ಲ. ಮಿಲೋಷೆವಿಚ್ 2006ರಲ್ಲಿ ತೀರ್ಪು ಬರೋಕೆ ಮುಂಚೆನೇ ಸತ್ತ, ಆ ಕೇಸಿನ ಕಾಗದ ಅಷ್ಟೂ ಇದೆ, ಕೊನೇ ಪುಟ ಇಲ್ಲ.

ಎಲ್ಲಾ ಕಡೆಯ ಇತಿಹಾಸಕಾರರು ಒಟ್ಟಿಗೆ ಕೂತು ಬರೆದಿದ್ದು ಇಲ್ವಾ?

ಇದೆ. ಅಮೆರಿಕಾದ ಚಾರ್ಲ್ಸ್ ಇಂಗ್ರಾವ್ 2001ರಲ್ಲಿ ಶುರು ಮಾಡಿದ ಪ್ರಯತ್ನದಲ್ಲಿ ಹಲವು ದೇಶದ ವಿದ್ವಾಂಸರು ಜಗಳದ ವಿಷಯ ಒಂದೊಂದೇ ತಗೊಂಡು ಎಲ್ಲಿ ಒಪ್ಪಿಗೆ ಇದೆ ಎಲ್ಲಿ ಇಲ್ಲ ಅಂತ ಬರೆದ್ರು. ಶಾಲೆಗಳಿಗೆ ಅಂತ ಥೆಸಲೋನಿಕಿಯ ಒಂದು ಸಂಸ್ಥೆ ಎಲ್ಲಾ ಕಡೆಯ ಮೂಲ ದಾಖಲೆ ಪಕ್ಕಪಕ್ಕ ಇಟ್ಟು ಪುಸ್ತಕ ಮಾಡ್ತು. ಆದ್ರೆ ಬೋಸ್ನಿಯಾದ ಕೆಲವು ಊರಲ್ಲಿ ಇವತ್ತಿಗೂ ಒಂದೇ ಸ್ಕೂಲ್ ಕಟ್ಟಡದಲ್ಲಿ ಕ್ರೊಯಾಟ್ ಮಕ್ಕಳು, ಬೋಸ್ನಿಯಾಕ್ ಮಕ್ಕಳು ಬೇರೆ ಬೇರೆ ಕ್ಲಾಸಲ್ಲಿ ಬೇರೆ ಬೇರೆ ಇತಿಹಾಸ ಓದ್ತಾರೆ. ಮೇಷ್ಟ್ರಾಗಿ ಇದನ್ನ ಓದಿದಾಗ ಹೊಟ್ಟೆ ಉರೀತು.

ನಮಗೂ ಅದಕ್ಕೂ ಏನು ನಂಟು?

ನೆಹರೂ, ಟಿಟೊ, ಈಜಿಪ್ಟಿನ ನಾಸೆರ್ 1956ರಲ್ಲಿ ಯುಗೊಸ್ಲಾವಿಯಾದ ಬ್ರಿಯೊನಿ ದ್ವೀಪದಲ್ಲಿ ಸೇರಿದ್ರು, 1961ರಲ್ಲಿ ಅಲಿಪ್ತ ದೇಶಗಳ ಮೊದಲ ಶೃಂಗಸಭೆ ಬೆಲ್‌ಗ್ರೇಡಲ್ಲೇ ಆಯ್ತು. 1992ರಲ್ಲಿ ಅಲ್ಲಿಗೆ ಹೋದ ವಿಶ್ವಸಂಸ್ಥೆ ಶಾಂತಿಪಾಲನಾ ಪಡೆಯ ಮೊದಲ ಕಮಾಂಡರ್ ನಮ್ಮ ಲೆಫ್ಟಿನೆಂಟ್ ಜನರಲ್ ಸತೀಶ್ ನಂಬಿಯಾರ್. ಅವರು ಮರಾಠಾ ಲೈಟ್ ಇನ್‌ಫೆಂಟ್ರಿಯವರು, ಆ ರೆಜಿಮೆಂಟಿನ ಸೆಂಟರ್ ಇರೋದು ಬೆಳಗಾವೀಲಿ. ಮೇಲೆ ಹೇಳಿದ ರಾದಾ ಇವೆಕೊವಿಚ್ ದೆಹಲೀಲಿ ಭಾರತೀಯ ತತ್ವಶಾಸ್ತ್ರ ಓದಿದವರು, ಆಮೇಲೆ ನಮ್ಮ 1947ರ ವಿಭಜನೆಯನ್ನೂ ತಮ್ಮ ದೇಶ ಒಡೆದಿದ್ದನ್ನೂ ಪಕ್ಕಪಕ್ಕ ಇಟ್ಟು ಬರೆದ್ರು.

ಎಲ್ಲಿಂದ ಓದೋಕೆ ಶುರು ಮಾಡ್ಲಿ?

ಏನಾಯ್ತು ಅಂತ ತಿಳ್ಕೊಳ್ಳೋಕೆ ಲಾರಾ ಸಿಲ್ಬರ್ ಮತ್ತೆ ಅಲನ್ ಲಿಟಲ್ ಬರೆದಿದ್ದು, ಅದರ ಜೊತೆ ಬಂದ ಬಿಬಿಸಿ ಸರಣೀಲಿ ಮಿಲೋಷೆವಿಚ್, ತುಜ್ಮನ್ ಎಲ್ಲರೂ ತಾವೇ ಮಾತಾಡ್ತಾರೆ. ಬೋಸ್ನಿಯಾ ಇತಿಹಾಸಕ್ಕೆ ನೋಯೆಲ್ ಮಾಲ್ಕಮ್. ಕತೆಗೆ ಯೆರ್ಗೊವಿಚ್, ಪ್ರಬಂಧಕ್ಕೆ ಉಗ್ರೆಶಿಚ್ ಮತ್ತೆ ದ್ರಾಕುಲಿಚ್. ಎಲ್ಲಾ ಇಂಗ್ಲಿಷಲ್ಲಿ ಸಿಗುತ್ತೆ. ಒಂದೇ ಕಡೆಯವರದ್ದು ಸಾಲಾಗಿ ಮೂರು ಓದ್ಬೇಡಿ, ಮಧ್ಯೆ ಇನ್ನೊಂದು ಊರಿನವರದ್ದು ಓದಿ.

ಹೆಸರುಗಳನ್ನ ಹೇಗೆ ಉಚ್ಚಾರ ಮಾಡೋದು?

ಕನ್ನಡದಲ್ಲಿ ಬರ್ಕೊಂಡ್ರೆ ಸುಲಭ, ಅವರ ಭಾಷೇಲೂ ಬರೆದಂಗೇ ಓದೋದು. ಇಂಗ್ಲಿಷಿನ ಜೆ ಅಕ್ಷರ ಕಂಡ್ರೆ ಅಲ್ಲಿ ಯ, ಹಾಗಾಗಿ ಸರಾಜೆವೊ ಅಲ್ಲ, ಸರಾಯೆವೊ. ಸಿ ಬರೀದಾಗಿ ಬಂದ್ರೆ ತ್ಸ, ಸ್ರೆಬ್ರೆನಿಕಾ ಅಲ್ಲ, ಸ್ರೆಬ್ರೆನಿತ್ಸಾ. ಸಿ ಮೇಲೆ ಗೀಟು ಇದ್ರೆ ಚ, ಎಸ್ ಮೇಲೆ ಟೋಪಿ ಇದ್ರೆ ಶ. ಕೊನೇಲಿ ಬರೋ ಇಚ್ ಅಂದ್ರೆ ಇಂಥವರ ಮಗ, ಮನೆತನದವರು ಅಂತ. ಮೊನ್ನೆ ಕ್ಲಾಸಲ್ಲಿ ಬೋರ್ಡ್ ಮೇಲೆ ಈ ಹೆಸರುಗಳನ್ನ ಕನ್ನಡದಲ್ಲಿ ಬರೆದು ಓದಿಸ್ದೆ, ಅಟ್ಲಾಸ್ ತಂದಿದ್ದ ಹುಡುಗಿಯ ತಮ್ಮ ಈಗ ಅದೇ ಬೆಂಚಲ್ಲಿ ಕೂತಿದಾನೆ, ಒಂದೂ ತಪ್ಪಿಲ್ದೆ ಓದ್ದ.